ತಗ್ಗಿಸಿದ ಕಾರಿನ ಹಿಂಚಕ್ರಗಳು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿಗೆ ಸೇರಿದ ರಾಂಪುರವು ಬಳ್ಳಾರಿಯಿಂದ ಚಳ್ಳಕೆರೆಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಒಂದು ಕಡೆ ಶೇಂಗಾ ಬೆಳೆಯುವ ಹೊಲಗಳು, ಇನ್ನೊಂದು ಕಡೆ ಬಂಡೆಗಲ್ಲಿನ ಗುಡ್ಡಗಳು. ನಡುವೆ ಎತ್ತಿನ ಬಂಡಿ, ಟ್ರ್ಯಾಕ್ಟರು, ಲಾರಿ, ಬಸ್ಸು, ಕಾರುಗಳೆಲ್ಲವೂ ಒಂದೇ ರಸ್ತೆಯನ್ನು ಹಂಚಿಕೊಂಡು ಸಾಗುತ್ತವೆ. ಈ ರಸ್ತೆಯಲ್ಲಿ ಬಂದ ಒಂದು ಸ್ಪೋರ್ಟ್ಸ್ ಕಾರು ಪಂಕ್ಚರ್ ಹಾಕುವ ಅಂಗಡಿಯೊಂದರ ಮುಂದೆ ನಿಂತಿತೆಂದು ಕಲ್ಪಿಸಿಕೊಳ್ಳೋಣ. ಕಾರಿನ ಒಡೆಯನು ಅದರ ಸ್ಪ್ರಿಂಗುಗಳನ್ನು ಬದಲಾಯಿಸಿ, ಒಡಲನ್ನು ನೆಲದ ಕಡೆಗೆ 4 ಸೆಂ.ಮೀ.ನಷ್ಟು ತಗ್ಗಿಸಿದ್ದಾನೆ. ಹೊರಗಿನಿಂದ ನೋಡಿದರೆ ಹಿಂದಿನ ಟೈರುಗಳು ಹೊಸದರಂತೆ ಕಾಣುತ್ತವೆ. ಆದರೆ ಚಕ್ರವನ್ನು ಬಿಚ್ಚಿ ತಿರುಗಿಸಿದಾಗ ಒಳಅಂಚಿನ ರಬ್ಬರು ಪೂರ್ತಿಯಾಗಿ ಸವೆದು, ಒಳಗಿನ ನೂಲು ಬಯಲಾಗಿರುತ್ತದೆ!

“ಎರಡು ತಿಂಗಳ ಹಿಂದೆ ತಾನೆ ವೀಲ್ ಅಲೈನ್‌ಮೆಂಟ್ ಮಾಡಿಸಿದ್ದೆ” ಎಂದು ಒಡೆಯನು ಹೇಳಬಹುದು. ಆ ಮಾತು ಸುಳ್ಳಾಗಿರಬೇಕಾಗಿಲ್ಲ. ಹಲವು ವೇಳೆ ಸರಿಪಡಿಸಿರುವುದು ಮುಂಚಕ್ರಗಳನ್ನು ಮಾತ್ರ. ಮುಂಚಕ್ರವನ್ನು ಸ್ಟಿಯರಿಂಗ್ ತಿರುಗಿಸಿ ಹೊರಕ್ಕೆ ತಂದು ನೋಡಬಹುದು. ಹಿಂಚಕ್ರದ ಒಳಮೈ ಯಾರ ಕಣ್ಣಿಗೂ ಬೀಳುವುದಿಲ್ಲ. ನೂಲು ಕಾಣುವಂತೆ ಸವೆದ ಟೈರು ಬೇಸಿಗೆಯ ಬಿಸಿಲಿನಲ್ಲಿ, ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಡೆದರೆ, ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಮುಂದೆ ಸಾಗುತ್ತಿರುತ್ತದೆ ಎಂಬುದನ್ನು ನೆನೆದರೆ ಸಾಕು. ಆದುದರಿಂದ ಹಿಂಚಕ್ರಗಳ ಓರೆಕೋರೆಯು ಟೈರಿನ ಬೆಲೆಯ ಪ್ರಶ್ನೆ ಮಾತ್ರವಲ್ಲ. ಅದು ಪ್ರಾಣದ ಪ್ರಶ್ನೆಯೂ ಹೌದು. ಈ ದೋಷವು ಏಕೆ ಹುಟ್ಟುತ್ತದೆ, ಅದನ್ನು ಹೇಗೆ ಅಳೆಯಬೇಕು, ಹೇಗೆ ತಿದ್ದಬೇಕು ಎಂಬುದನ್ನು ಶಾಲೆಯಲ್ಲಿ ಕಲಿತ ತ್ರಿಕೋನಮಿತಿಯ ನೆರವಿನಿಂದಲೇ ನಾವು ತಿಳಿದುಕೊಳ್ಳಬಹುದು.

ಕಾರನ್ನು ತಗ್ಗಿಸುವುದೇಕೆ?

ಕಾರು ತಿರುವಿನಲ್ಲಿ ಓಡುವಾಗ ಅದರ ಭಾರದ ಒಂದು ಪಾಲು ಒಳಬದಿಯ ಚಕ್ರಗಳಿಂದ ಹೊರಬದಿಯ ಚಕ್ರಗಳಿಗೆ ವರ್ಗವಾಗುತ್ತದೆ. ಗುರುತ್ವ ಕೇಂದ್ರವು ಎತ್ತರದಲ್ಲಿದ್ದಷ್ಟೂ ಈ ವರ್ಗಾವಣೆ ಹೆಚ್ಚು. 1,000 ಕಿಲೋಗ್ರಾಂ ತೂಕದ ಕಾರೊಂದರ ಎಡಬಲ ಚಕ್ರಗಳ ನಡುವಣ ಅಂತರ 150 ಸೆಂ.ಮೀ., ಗುರುತ್ವ ಕೇಂದ್ರದ ಎತ್ತರ 50 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. ತಿರುವಿನಲ್ಲಿ ಪಕ್ಕದ ಬಲವು ಕಾರಿನ ತೂಕದ ಅರ್ಧದಷ್ಟಿದ್ದರೆ, ವರ್ಗವಾಗುವ ಭಾರ 500 × 50 ÷ 150, ಎಂದರೆ ಸುಮಾರು 167 ಕಿಲೋಗ್ರಾಂ. ಕಾರನ್ನು 4 ಸೆಂ.ಮೀ. ತಗ್ಗಿಸಿದರೆ ಅದು 500 × 46 ÷ 150, ಎಂದರೆ ಸುಮಾರು 153 ಕಿಲೋಗ್ರಾಂ ಆಗುತ್ತದೆ. ಉಳಿತಾಯ ಶೇಕಡಾ 8ರಷ್ಟು.

ಪಂದ್ಯದ ಕಾರಿಗೆ ಈ ಶೇಕಡಾ 8 ಬಹು ಅಮೂಲ್ಯ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ತಂಡದಂತೆ ಸ್ವಂತ ಕೈಯಿಂದ ಪಂದ್ಯದ ಕಾರುಗಳನ್ನು ಕಟ್ಟುವ ವಿದ್ಯಾರ್ಥಿಗಳು ನಮ್ಮ ನಾಡಿನಲ್ಲಿದ್ದಾರೆ. ಅಂತಹ ಕಾರನ್ನು ಮೊದಲಿನಿಂದಲೇ ತಗ್ಗಾಗಿ ಇರುವಂತೆ ರೂಪಿಸಿರುತ್ತಾರೆ. ಚಕ್ರವನ್ನು ಹಿಡಿದಿರುವ ತೋಳುಗಳ ಉದ್ದ, ಕೀಲುಗಳ ಸ್ಥಾನ ಎಲ್ಲವೂ ಆ ಎತ್ತರಕ್ಕೆಂದೇ ಲೆಕ್ಕ ಹಾಕಿದಂಥವು. ಒಂದು ಎತ್ತರಕ್ಕೆ ರೂಪಿಸಿದ ಕಾರನ್ನು ಅನಂತರ ಇನ್ನೊಂದು ಎತ್ತರಕ್ಕೆ ಇಳಿಸಿದಾಗಲೇ ತೊಂದರೆಯು ಆರಂಭವಾಗುತ್ತದೆ.

ಮೂರು ಕೋನಗಳು

ಹಿಂಚಕ್ರಗಳ ವಿಷಯದಲ್ಲಿ ನಾವು ಮೂರು ಕೋನಗಳನ್ನು ಅರಿತಿರಬೇಕು. ಇವುಗಳಿಗೆ ವರ್ಕ್‌ಶಾಪಿನವರು ಬಳಸುವ ಹೆಸರುಗಳನ್ನೇ ಇಲ್ಲಿ ಬಳಸೋಣ.

ಮೊದಲನೆಯದು ಕ್ಯಾಂಬರ್. ಕಾರನ್ನು ಹಿಂದಿನಿಂದ ನೋಡಿದಾಗ ಚಕ್ರವು ನೆಟ್ಟಗೆ ನಿಲ್ಲದೆ ಎಷ್ಟು ವಾಲಿದೆ ಎಂಬುದೇ ಕ್ಯಾಂಬರ್. ಚಕ್ರದ ತಲೆ ಕಾರಿನ ಕಡೆಗೆ ವಾಲಿದ್ದರೆ ಋಣ ಕ್ಯಾಂಬರ್, ಹೊರಕ್ಕೆ ವಾಲಿದ್ದರೆ ಧನ ಕ್ಯಾಂಬರ್. ವಾಲಿದ ಚಕ್ರದ ಸ್ವಭಾವವನ್ನು ತಿಳಿಯಲು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಬಹುದು. ಬುಡ ಕಿರಿದಾಗಿ ಬಾಯಿ ಅಗಲವಾಗಿರುವ ಲೋಟವನ್ನು ನೆಲದ ಮೇಲೆ ಮಲಗಿಸಿ ಉರುಳಿಸಿರಿ. ಅದು ನೇರವಾಗಿ ಹೋಗದೆ, ಕಿರಿದಾದ ಬುಡವನ್ನು ಒಳಗಿಟ್ಟುಕೊಂಡು ಸುತ್ತು ಹಾಕುತ್ತದೆ. ವಾಲಿದ ಟೈರು ಇಂತಹ ಶಂಕುವಿನ ಒಂದು ತುಂಡಿನಂತೆ ವರ್ತಿಸಿ, ವಾಲಿದ ಕಡೆಗೇ ಹೊರಳಲು ಯತ್ನಿಸುತ್ತದೆ. ಹಳೆಯ ಸೈಕಲ್ ಟೈರನ್ನು ಕೋಲಿನಿಂದ ತಟ್ಟುತ್ತ ಓಡಿಸುವ ಹುಡುಗನಿಗೆ ಈ ಸಂಗತಿ ಪುಸ್ತಕವಿಲ್ಲದೆಯೇ ಗೊತ್ತು; ಟೈರು ಯಾವ ಕಡೆಗೆ ವಾಲಿದರೆ ಆ ಕಡೆಗೇ ಅದು ತಿರುಗುತ್ತದೆ. ಕಾರಿನಲ್ಲಿ ಎಡ ಚಕ್ರವೂ ಬಲ ಚಕ್ರವೂ ಸಮವಾಗಿ ಒಳಕ್ಕೆ ವಾಲಿದ್ದರೆ ಎರಡು ಎಳೆತಗಳೂ ಪರಸ್ಪರ ರದ್ದಾಗುತ್ತವೆ. ಅಸಮವಾಗಿದ್ದರೆ ಉಳಿದ ಎಳೆತವು ಕಾರಿನ ಹಿಂಭಾಗವನ್ನು ಒಂದು ಕಡೆಗೆ ದೂಡುತ್ತಿರುತ್ತದೆ.

ಎರಡನೆಯದು ಟೋ. ಕಾರನ್ನು ಮೇಲಿನಿಂದ ನೋಡಿದಾಗ ಚಕ್ರದ ಮುಂದಿನ ಅಂಚು ಕಾರಿನ ನಡುಗೆರೆಯ ಕಡೆಗೆ ತಿರುಗಿದ್ದರೆ ಟೋ-ಇನ್, ಹೊರಕ್ಕೆ ತಿರುಗಿದ್ದರೆ ಟೋ-ಔಟ್. ಒಳಮುಖವಾಗಿ ಹೆಜ್ಜೆ ಇಡುವ ಮನುಷ್ಯನ ಪಾದಗಳನ್ನು ನೆನೆದರೆ ಟೋ-ಇನ್ ಮನಸ್ಸಿಗೆ ಬರುತ್ತದೆ.

ಮೂರನೆಯದು ಥ್ರಸ್ಟ್ ಕೋನ. ಎರಡು ಹಿಂಚಕ್ರಗಳೂ ಕೂಡಿ ಕಾರನ್ನು ಯಾವ ದಿಕ್ಕಿಗೆ ತಳ್ಳುತ್ತವೆಯೋ ಆ ದಿಕ್ಕಿಗೂ ಕಾರಿನ ನಡುಗೆರೆಗೂ ನಡುವಣ ಕೋನವಿದು. ಇದು ಸೊನ್ನೆಯಾಗಿರಬೇಕು. ಆಗಿರದಿದ್ದರೆ ಕಾರು ಏಡಿಯಂತೆ ಓರೆಯಾಗಿ ಸಾಗುತ್ತದೆ.

ತಗ್ಗಿದಾಗ ಆಗುವುದೇನು?

ಈ ವಿಷಯವನ್ನು ತಿಳಿಯಲು ನಮ್ಮ ದೇಶದ ರಸ್ತೆಗಳಲ್ಲಿ ಒಮ್ಮೆ ಓಡಾಡಿದ ಕಾರೊಂದನ್ನು ನೆನಪಿಗೆ ತಂದುಕೊಳ್ಳೋಣ. ಇಂಗ್ಲೆಂಡಿನಲ್ಲಿ 1959ರಲ್ಲಿ ಹೊರಬಂದ ಟ್ರಯಂಫ್ ಹೆರಾಲ್ಡ್ ಕಾರನ್ನು 1961ರಿಂದ ಮದರಾಸಿನಲ್ಲಿ ‘ಸ್ಟ್ಯಾಂಡರ್ಡ್ ಹೆರಾಲ್ಡ್’ ಎಂಬ ಹೆಸರಿನಲ್ಲಿ ತಯಾರಿಸಲಾಯಿತು. ಆ ಕಾಲದ ಅಂಬಾಸಡರ್ ಮತ್ತು ಫಿಯಟ್ ಕಾರುಗಳಲ್ಲಿ ಎರಡು ಹಿಂಚಕ್ರಗಳನ್ನೂ ಒಂದೇ ಗಟ್ಟಿಯಾದ ಅಚ್ಚು ಜೋಡಿಸುತ್ತಿತ್ತು. ಬಂಡಿಯ ಅಚ್ಚಿನಂತೆ ಅದು ಎಷ್ಟು ಮೇಲೆ ಕೆಳಗೆ ಆಡಿದರೂ, ಎರಡು ಕಡೆಯೂ ಸಮನಾಗಿ ಆಡಿದಾಗ ಚಕ್ರಗಳು ನೆಟ್ಟಗೇ ಇರುತ್ತಿದ್ದವು. ಹೆರಾಲ್ಡಿನಲ್ಲಿ ಹಾಗಲ್ಲ. ಅಲ್ಲಿ ಅಚ್ಚು ಎರಡು ತುಂಡಾಗಿತ್ತು. ಪ್ರತಿಯೊಂದು ಅರ್ಧಾಚ್ಚೂ ನಡುವೆ ಇರುವ ಡಿಫರೆನ್ಷಿಯಲ್ ಪೆಟ್ಟಿಗೆಯ ಬಳಿ ಕೀಲುಗೊಂಡು, ಹಕ್ಕಿಯ ರೆಕ್ಕೆಯಂತೆ ಮೇಲೆ ಕೆಳಗೆ ಆಡುತ್ತಿತ್ತು. ಅಡ್ಡಲಾಗಿ ಇಟ್ಟ ಪಟ್ಟೆ ಸ್ಪ್ರಿಂಗು ಭಾರವನ್ನು ಹೊರುತ್ತಿತ್ತು.

ಇಂತಹ ಕಾರಿನ ಒಡಲನ್ನು ತಗ್ಗಿಸಿದರೆ ಒಳಗಿನ ಕೀಲು ಕೆಳಗಿಳಿಯುತ್ತದೆ. ಚಕ್ರವು ನೆಲದ ಮೇಲೆಯೇ ಇರುತ್ತದೆ. ಆಗ ಅರ್ಧಾಚ್ಚು ಒಳಗಿನಿಂದ ಹೊರಕ್ಕೆ ಏರುವ ಓರೆಯಾಗಿ ನಿಂತು, ಅದಕ್ಕೆ ಲಂಬವಾಗಿರುವ ಚಕ್ರದ ತಲೆಯು ಒಳಕ್ಕೆ ವಾಲುತ್ತದೆ. ಅರ್ಧಾಚ್ಚಿನ ಉದ್ದ 50 ಸೆಂ.ಮೀ. ಎಂದು ಹಿಡಿದರೆ, 4 ಸೆಂ.ಮೀ. ಇಳಿತಕ್ಕೆ 4 ÷ 50 = 0.08 ರೇಡಿಯನ್, ಎಂದರೆ 4.6 ಡಿಗ್ರಿಯ ಋಣ ಕ್ಯಾಂಬರ್ ಉಂಟಾಗುತ್ತದೆ. ಇಂದಿನ ಸ್ಪೋರ್ಟ್ಸ್ ಕಾರುಗಳಲ್ಲಿ ಒಂದೊಂದು ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳುಗಳು ಹಿಡಿದಿರುತ್ತವೆ. ಈ ತೋಳುಗಳ ಗೆರೆಗಳನ್ನು ಒಳಕ್ಕೆ ಬೆಳೆಸಿದರೆ ಅವು ಸೇರುವ ಕಲ್ಪಿತ ಬಿಂದುವೇ ಇಲ್ಲಿ ಕೀಲಿನ ಸ್ಥಾನ. ಆ ಬಿಂದು ಚಕ್ರದಿಂದ 150 ಸೆಂ.ಮೀ. ದೂರದಲ್ಲಿದ್ದರೆ, ಅದೇ 4 ಸೆಂ.ಮೀ.ಗೆ ಕ್ಯಾಂಬರ್ ಬದಲಾವಣೆ 1.5 ಡಿಗ್ರಿ ಮಾತ್ರ. ಕೀಲು ಹತ್ತಿರವಾದಷ್ಟೂ ಓರೆ ಹೆಚ್ಚು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತೂಗಾಡುವ ಅರ್ಧಾಚ್ಚಿಗೆ ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ತಿರುವಿನಲ್ಲಿ ಒಡಲು ಮೇಲೆದ್ದರೆ ಚಕ್ರದ ಬುಡವು ಕಾರಿನ ಅಡಿಗೆ ಮಡಿಚಿಕೊಂಡು ಹಿಂಭಾಗವು ಒಮ್ಮೆಲೆ ಹಿಡಿತ ತಪ್ಪಬಹುದು. ಅಮೆರಿಕದಲ್ಲಿ 1960ರ ಮಾದರಿಯಾಗಿ ಬಂದ ಷೆವ್ರೊಲೆ ಕೊರ್ವೇರ್ ಕಾರಿನ ಈ ಬಗೆಯ ಹಿಂಬದಿಯು ದೊಡ್ಡ ವಿವಾದಕ್ಕೆ ಕಾರಣವಾಯಿತು. 1965ರಲ್ಲಿ ರಾಲ್ಫ್ ನೇಡರ್ ತಮ್ಮ ಪುಸ್ತಕದ ಮೊದಲ ಅಧ್ಯಾಯವನ್ನೇ ಅದಕ್ಕೆ ಮೀಸಲಿಟ್ಟರು. ತಯಾರಕರು 1964ರ ಮಾದರಿಗೆ ಹಿಂದೆ ಒಂದು ಹೆಚ್ಚುವರಿ ಸ್ಪ್ರಿಂಗನ್ನು ಸೇರಿಸಿದರು. 1965ರ ಮಾದರಿಯಲ್ಲಿ ಹಿಂಬದಿಯ ವ್ಯವಸ್ಥೆಯನ್ನೇ ಬದಲಾಯಿಸಿದರು. ನಮ್ಮಲ್ಲಿಯೂ ಹೆರಾಲ್ಡಿನ ಬಳಿಕ 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗೆಜೆಲ್ ಕಾರು ಗಟ್ಟಿಯಾದ ಹಿಂದಚ್ಚಿಗೇ ಮರಳಿತು. ಹಿಂಚಕ್ರಗಳ ಕೋನವೆಂಬುದು ಚಿಲ್ಲರೆ ವಿಷಯವಲ್ಲವೆಂಬುದಕ್ಕೆ ಈ ಇತಿಹಾಸವೇ ಸಾಕ್ಷಿ.

ಕ್ಯಾಂಬರಿನ ಜೊತೆಗೆ ಟೋ ಕೂಡ ಬದಲಾಗುತ್ತದೆ. ಚಕ್ರವನ್ನು ಹಿಡಿದಿರುವ ಹಲವು ತೋಳುಗಳ ಉದ್ದ ಬೇರೆ ಬೇರೆ. ಒಡಲು ಇಳಿದಾಗ ಪ್ರತಿಯೊಂದು ತೋಳಿನ ತುದಿಯೂ ತನ್ನದೇ ತ್ರಿಜ್ಯದ ಕಮಾನನ್ನು ಬರೆಯುತ್ತದೆ. ಮುಂದಿನ ತೋಳು ಚಕ್ರವನ್ನು ಒಂದಿಷ್ಟು ಹೊರಕ್ಕೆ ತಳ್ಳಿ, ಹಿಂದಿನ ತೋಳು ಒಂದಿಷ್ಟು ಒಳಕ್ಕೆ ಎಳೆದರೆ ಚಕ್ರವು ಹೊರಮುಖವಾಗಿ ತಿರುಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದಾದ ಈ ತಿರುವು ಕಣ್ಣಿಗೆ ಕಾಣುವ ಕ್ಯಾಂಬರಿಗಿಂತ ಹೆಚ್ಚು ಹಾನಿಕರವೆಂಬುದನ್ನು ಮುಂದೆ ನೋಡುತ್ತೇವೆ.

ಇಂದಿನ ಸಣ್ಣ ಕಾರುಗಳಲ್ಲಿ ಬಹುಮಟ್ಟಿಗೆ ಇರುವುದು ಟಾರ್ಷನ್ ಬೀಮ್, ಎಂದರೆ ಎರಡು ಕಡೆಯ ತೋಳುಗಳನ್ನು ಕೂಡಿಸುವ, ತಿರುಚಿಕೊಳ್ಳಬಲ್ಲ ಉಕ್ಕಿನ ತೊಲೆ. ಅದರ ಕೀಲುಗಳು ಮುಂದೆ ಇರುವುದರಿಂದ, ತಗ್ಗಿಸಿದಾಗ ಕ್ಯಾಂಬರ್ ಬದಲಾವಣೆ ಅತ್ಯಲ್ಪ. ಆದರೆ ಗುಂಡಿಗೆ ಬಿದ್ದು ತೊಲೆ ಬಾಗಿದರೆ ಅದನ್ನು ತಿದ್ದಲು ತಿರುಪುಗಳೂ ಇರುವುದಿಲ್ಲ.

ತೇದ ಟೈರು ಹೇಳುವ ಸಂಗತಿ

ಟೋ ಏಕೆ ಹೆಚ್ಚು ಹಾನಿಕರ? ಅರ್ಧ ಡಿಗ್ರಿ ಓರೆಯಾಗಿ ಉರುಳುವ ಚಕ್ರವನ್ನು ತೆಗೆದುಕೊಳ್ಳೋಣ. ಅದು ತಾನು ಮುಖ ಮಾಡಿದ ದಿಕ್ಕಿಗೆ ಹೋಗಲು ಬಯಸುತ್ತದೆ. ಕಾರು ಅದನ್ನು ಬೇರೆ ದಿಕ್ಕಿಗೆ ಎಳೆದೊಯ್ಯುತ್ತದೆ. ಅರ್ಧ ಡಿಗ್ರಿಯ ಸೈನ್ 0.0087. ಆದುದರಿಂದ ಪ್ರತಿ ಕಿಲೋಮೀಟರಿಗೆ 8.7 ಮೀಟರಿನಷ್ಟು ಅಡ್ಡ ಎಳೆತವನ್ನು ಟೈರು ತಾಳಿಕೊಳ್ಳಬೇಕು. 10,000 ಕಿ.ಮೀ. ಓಡುವ ವೇಳೆಗೆ ಅದು 87 ಕಿ.ಮೀ. ಆಗುತ್ತದೆ. ಈ ಎಳೆತದಲ್ಲಿ ಒಂದು ಭಾಗವನ್ನು ರಬ್ಬರು ಬಾಗಿ ಚೇತರಿಸಿಕೊಳ್ಳುವುದರಿಂದ ನುಂಗಿಕೊಳ್ಳುತ್ತದೆ. ಉಳಿದದ್ದು ಉಜ್ಜಾಟವಾಗಿ ರಬ್ಬರನ್ನು ತಿನ್ನುತ್ತದೆ. ಕ್ಯಾಂಬರ್ ಮಾತ್ರ ಇದ್ದರೆ ಭಾರವು ಒಳಅಂಚಿಗೆ ಬಿದ್ದು ಸವೆತ ಅಲ್ಲಿ ಹೆಚ್ಚುತ್ತದೆ, ಆದರೆ ನಿಧಾನವಾಗಿ. ಋಣ ಕ್ಯಾಂಬರಿಗೆ ಟೋ-ಔಟ್ ಕೂಡಿಕೊಂಡರೆ ಭಾರವೂ ಉಜ್ಜಾಟವೂ ಒಂದೇ ಅಂಚಿನ ಮೇಲೆ ಬೀಳುತ್ತವೆ. ರಾಂಪುರದ ಅಂಗಡಿಯಲ್ಲಿ ನಾವು ಕಲ್ಪಿಸಿಕೊಂಡ ಟೈರಿನ ಗತಿ ಇದೇ.

ಇವೆರಡನ್ನೂ ಬೇರ್ಪಡಿಸಿ ಗುರುತಿಸಲು ಕೈಯೇ ಸಾಕು. ಕಾರು ನಿಂತು ಟೈರು ತಣಿದ ಮೇಲೆ ಅಂಗೈಯನ್ನು ಅದರ ಮೈಮೇಲೆ ಅಡ್ಡಲಾಗಿ ಆಡಿಸಬೇಕು. ನೂಲಿನ ಜೊತೆ ತಂತಿಯೂ ಹೊರಬಂದಿರಬಹುದಾದುದರಿಂದ ಮೊದಲು ಕಣ್ಣಿನಿಂದ ನೋಡಬೇಕು. ಒಳಅಂಚು ನುಣ್ಣಗೆ ಸವೆದಿದ್ದರೆ ದೋಷವು ಮುಖ್ಯವಾಗಿ ಕ್ಯಾಂಬರಿನದು. ಒಂದು ದಿಕ್ಕಿನಲ್ಲಿ ಕೈ ನುಣ್ಣಗೆ ಜಾರಿ, ಮರಳುವಾಗ ಗರಗಸದ ಹಲ್ಲಿನಂತೆ ತಡೆದರೆ ದೋಷವು ಟೋದ್ದು. ಕಾರುಗಳ ಟೈರಿನ ಗಾಡಿಯ ಆಳವು 1.6 ಮಿ.ಮೀ.ಗಿಂತ ಕಡಿಮೆಯಾಗಬಾರದೆಂಬುದು ನಮ್ಮ ದೇಶದ ನಿಯಮ. ಆ ಆಳವನ್ನು ಹೊರಅಂಚಿನಲ್ಲಿ ಮಾತ್ರ ನೋಡಿದರೆ ಮೋಸಹೋಗುತ್ತೇವೆ. ಒಳಗೆ, ನಡುವೆ, ಹೊರಗೆ ಹೀಗೆ ಮೂರು ಕಡೆ ಅಳೆಯಬೇಕು.

ಟೋ-ಔಟಿನ ಇನ್ನೊಂದು ಕೆಡುಕು ಮಳೆಯ ದಿನ ಪ್ರಕಟವಾಗುತ್ತದೆ. ತಿರುವಿನಲ್ಲಿ ಹಿಂಭಾಗದ ಹೆಚ್ಚಿನ ಭಾರ ಹೊರಬದಿಯ ಹಿಂಚಕ್ರದ ಮೇಲೆ ಬೀಳುತ್ತದೆ. ಆ ಚಕ್ರವು ಟೋ-ಇನ್ ಆಗಿದ್ದರೆ ಅದರ ಮುಖ ತಿರುವಿನ ಒಳಕ್ಕಿದ್ದು, ಕಾರಿನ ಬಾಲವನ್ನು ದಾರಿಯಲ್ಲಿ ಹಿಡಿದಿಡುತ್ತದೆ. ಟೋ-ಔಟ್ ಆಗಿದ್ದರೆ ಅದರ ಮುಖ ತಿರುವಿನ ಹೊರಕ್ಕಿರುತ್ತದೆ. ಬಾಲವು ಹೊರಗೆ ಜಾರಿ ಕಾರು ಬುಗುರಿಯಂತೆ ತಿರುಗಿಬಿಡಬಹುದು. ಆದಕಾರಣವೇ ಸಾಮಾನ್ಯವಾಗಿ ಹಿಂಚಕ್ರಗಳಿಗೆ ತಯಾರಕರು ಸ್ವಲ್ಪ ಟೋ-ಇನ್ ಕೊಟ್ಟಿರುತ್ತಾರೆ.

ದಾರ ಹಿಡಿದು ಅಳೆಯುವ ಬಗೆ

ಇಂದು ನಗರಗಳಲ್ಲಿ ಕ್ಯಾಮೆರಾ ಮತ್ತು ಕಂಪ್ಯೂಟರುಗಳಿಂದ ನಾಲ್ಕು ಚಕ್ರಗಳ ಕೋನಗಳನ್ನೂ ಕೆಲವೇ ನಿಮಿಷಗಳಲ್ಲಿ ತೋರಿಸುವ ಯಂತ್ರಗಳಿವೆ. ಆದರೆ ಯಂತ್ರವು ಏನನ್ನು ಅಳೆಯುತ್ತದೆ ಎಂಬುದನ್ನು ತಿಳಿಯಲು ದಾರದ ವಿಧಾನಕ್ಕಿಂತ ಉತ್ತಮವಾದ ಪಾಠವಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆಯ ನೇಕಾರರಿಗೆ ಬಿಗಿದು ಕಟ್ಟಿದ ಎಳೆಯ ಬೆಲೆ ಚೆನ್ನಾಗಿ ಗೊತ್ತು: ಬಿಗಿದ ಎಳೆ ನೇರವಾಗಿರುತ್ತದೆ, ಅದು ಸುಳ್ಳು ಹೇಳುವುದಿಲ್ಲ. ನಾವು ಆ ಎಳೆಯನ್ನೇ ಸಾಕ್ಷಿಯಾಗಿ ಕರೆಯೋಣ.

ಮೊದಲು ಸಮತಟ್ಟಾದ ನೆಲ ಬೇಕು. ಚಕ್ರಗಳ ಅಂತರ 1.4 ಮೀಟರು ಇರುವಲ್ಲಿ ಒಂದು ಕಡೆಯ ನೆಲ 1 ಸೆಂ.ಮೀ. ಎತ್ತರವಾಗಿದ್ದರೂ ಕ್ಯಾಂಬರ್ ಅಳತೆಯಲ್ಲಿ 0.4 ಡಿಗ್ರಿ ತಪ್ಪುತ್ತದೆ. ರಸಮಟ್ಟದಿಂದಾಗಲಿ, ನೀರು ತುಂಬಿದ ಪಾರದರ್ಶಕ ಕೊಳವೆಯಿಂದಾಗಲಿ ನೆಲವನ್ನು ಪರೀಕ್ಷಿಸಬೇಕು. ಟೈರುಗಳಲ್ಲಿ ನಿಗದಿಯಾದ ಗಾಳಿ ಇರಬೇಕು. ಕಾರನ್ನು ಜಾಕಿನಿಂದ ಇಳಿಸಿದ ಕೂಡಲೆ ಅಳೆಯದೆ, ಕೆಲವು ಮೀಟರು ಹಿಂದಕ್ಕೂ ಮುಂದಕ್ಕೂ ತಳ್ಳಿ ಸ್ಪ್ರಿಂಗುಗಳು ನೆಲೆಗೊಳ್ಳುವಂತೆ ಮಾಡಬೇಕು.

ಕ್ಯಾಂಬರ್ ಅಳೆಯಲು ಗಾರೆ ಕೆಲಸದವರ ತೂಗುಗುಂಡು ಸಾಕು. ಚಕ್ರದ ಮುಂದೆ ದಾರವನ್ನು ಇಳಿಬಿಟ್ಟು, ಲೋಹದ ರಿಮ್ಮಿನ ಮೇಲಂಚಿಗೂ ಕೆಳಅಂಚಿಗೂ ಇರುವ ದೂರಗಳನ್ನು ಅಳೆಯಬೇಕು. ನೆಲದ ಬಳಿ ಟೈರು ಉಬ್ಬಿರುವುದರಿಂದ ಅಳತೆಗೆ ರಿಮ್ಮನ್ನೇ ಹಿಡಿಯಬೇಕು, ಟೈರನ್ನಲ್ಲ. ರಿಮ್ಮಿನ ಎತ್ತರ 400 ಮಿ.ಮೀ. ಇದ್ದು, ಮೇಲಂಚು ಕೆಳಅಂಚಿಗಿಂತ 14 ಮಿ.ಮೀ. ಒಳಗಿದ್ದರೆ, 14 ÷ 400 = 0.035 ರೇಡಿಯನ್, ಎಂದರೆ 2 ಡಿಗ್ರಿ ಋಣ ಕ್ಯಾಂಬರ್.

ಟೋ ಅಳೆಯಲು ಕಾರಿನ ಎರಡು ಪಕ್ಕಗಳಲ್ಲಿಯೂ ಚಕ್ರದ ನಡುಮಟ್ಟಕ್ಕೆ ಉದ್ದವಾದ ಎರಡು ದಾರಗಳನ್ನು ಬಿಗಿಯಬೇಕು. ದಾರವನ್ನು ಟೈರಿಗೆ ತಾಗಿಸಬಾರದು. ಕಾರಿನ ಮುಂದಿನ ಎರಡು ಚಕ್ರಗಳ ಗುಂಬಗಳಿಂದ ಎಡ ಬಲ ದಾರಗಳ ದೂರ ಸಮನಾಗಿರಬೇಕು. ಹಿಂದಿನ ಎರಡು ಗುಂಬಗಳಿಂದಲೂ ಹಾಗೆಯೇ ಸಮನಾಗಿರಬೇಕು. ಎರಡು ದಾರಗಳೂ ಪರಸ್ಪರ ಸಮಾಂತರವಾಗಿರಬೇಕು. ಹಲವು ಕಾರುಗಳಲ್ಲಿ ಮುಂಚಕ್ರಗಳ ಅಂತರವೂ ಹಿಂಚಕ್ರಗಳ ಅಂತರವೂ ಒಂದೇ ಆಗಿರದ ಕಾರಣ, ಮುಂದಿನ ಗುಂಬದ ದೂರವನ್ನು ಹಿಂದಿನದಕ್ಕೆ ಸರಿಗಟ್ಟಿಸಲು ಹೋಗಬಾರದು. ಅನಂತರ ದಾರದಿಂದ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಇರುವ ದೂರವನ್ನು ಉಕ್ಕಿನ ಅಳತೆಪಟ್ಟಿಯಿಂದ ಅರ್ಧ ಮಿ.ಮೀ.ವರೆಗೆ ಓದಬೇಕು. ಒಂದು ಮಿ.ಮೀ. ತಪ್ಪಿದರೂ 0.14 ಡಿಗ್ರಿ ತಪ್ಪುತ್ತದೆ. ರಿಮ್ಮೇ ಸೊಟ್ಟಗಾಗಿರಬಹುದಾದುದರಿಂದ, ಚಕ್ರವು ಅರ್ಧ ಸುತ್ತು ತಿರುಗುವಷ್ಟು ಕಾರನ್ನು ತಳ್ಳಿ, ದಾರಗಳನ್ನು ಮತ್ತೆ ಹೊಂದಿಸಿ, ಇನ್ನೊಮ್ಮೆ ಅಳೆದು ಸರಾಸರಿ ತೆಗೆಯಬೇಕು.

ಒಂದು ಲೆಕ್ಕ

ನಮ್ಮ ಕಲ್ಪಿತ ಕಾರಿನ ಅಳತೆಗಳು ಹೀಗಿವೆ ಎಂದುಕೊಳ್ಳೋಣ. ಎಡ ಹಿಂಚಕ್ರದಲ್ಲಿ ದಾರದಿಂದ ರಿಮ್ಮಿನ ಮುಂದಂಚಿಗೆ 112 ಮಿ.ಮೀ., ಹಿಂದಂಚಿಗೆ 108 ಮಿ.ಮೀ.; ಬಲ ಹಿಂಚಕ್ರದಲ್ಲಿ ಮುಂದಂಚಿಗೆ 109 ಮಿ.ಮೀ., ಹಿಂದಂಚಿಗೆ 111 ಮಿ.ಮೀ. ಮುಂದಂಚು ದಾರದಿಂದ ಹೆಚ್ಚು ದೂರವಿದ್ದರೆ ಅದು ಕಾರಿನ ಒಳಕ್ಕೆ ತಿರುಗಿದೆ ಎಂದರ್ಥ. ಆದುದರಿಂದ ಎಡ ಚಕ್ರಕ್ಕೆ 4 ಮಿ.ಮೀ. ಟೋ-ಇನ್, ಬಲ ಚಕ್ರಕ್ಕೆ 2 ಮಿ.ಮೀ. ಟೋ-ಔಟ್. ಎರಡನ್ನೂ ಕೂಡಿಸಿದರೆ ಒಟ್ಟು 2 ಮಿ.ಮೀ. ಟೋ-ಇನ್. ತಯಾರಕರು ಹೇಳಿರುವ ಒಟ್ಟು ಟೋ ಕೂಡ 2 ಮಿ.ಮೀ. ಎಂದೇ ಇಟ್ಟುಕೊಳ್ಳೋಣ.

ಈಗ ನೋಡಿರಿ: ದಾರವನ್ನು ಬಳಸದೆ, ಎರಡು ಹಿಂಚಕ್ರಗಳ ಮುಂದಂಚುಗಳ ನಡುವೆಯೂ ಹಿಂದಂಚುಗಳ ನಡುವೆಯೂ ಟೇಪು ಹಿಡಿದು ಅಳೆದಿದ್ದರೆ ವ್ಯತ್ಯಾಸವು ಸರಿಯಾಗಿ 2 ಮಿ.ಮೀ. ಬರುತ್ತಿತ್ತು. “ಎಲ್ಲವೂ ಸರಿಯಾಗಿದೆ” ಎಂದು ಕಾರನ್ನು ಕಳುಹಿಸಿಬಿಡುತ್ತಿದ್ದರು. ಆದರೆ ನಿಜವಾಗಿ ಎರಡು ಚಕ್ರಗಳೂ ಬಲಕ್ಕೆ ಮುಖ ಮಾಡಿವೆ! ಎಡ ಚಕ್ರದ ಕೋನ 4 ÷ 400, ಎಂದರೆ 0.57 ಡಿಗ್ರಿ ಒಳಮುಖ. ಬಲ ಚಕ್ರದ್ದು 2 ÷ 400, ಎಂದರೆ 0.29 ಡಿಗ್ರಿ ಹೊರಮುಖ. ಇವೆರಡರ ಸರಾಸರಿ ದಿಕ್ಕು ನಡುಗೆರೆಯಿಂದ ಬಲಕ್ಕೆ 0.43 ಡಿಗ್ರಿ. ಇದೇ ಥ್ರಸ್ಟ್ ಕೋನ. ಕಾರು ಈ ದಿಕ್ಕಿಗೆ ಸಾಗುತ್ತಿರುವಾಗ ಅದರ ಮೂತಿಯು ದಾರಿಗಿಂತ ಎಡಕ್ಕೆ ತಿರುಗಿರುತ್ತದೆ. ನೇರವಾಗಿ ಹೋಗಬೇಕಾದರೆ ಮುಂಚಕ್ರಗಳನ್ನೂ ಬಲಕ್ಕೆ 0.43 ಡಿಗ್ರಿ ತಿರುಗಿಸಿ ಹಿಡಿಯಬೇಕು. ಸ್ಟಿಯರಿಂಗಿನ ಅನುಪಾತ 15:1 ಇದ್ದರೆ ಚಾಲಕನ ಕೈಯಲ್ಲಿರುವ ಚಕ್ರವು 6 ಡಿಗ್ರಿಗಿಂತ ಹೆಚ್ಚು ಓರೆಯಾಗಿ ನಿಲ್ಲುತ್ತದೆ. ಮುಂಚಕ್ರಗಳ ಅಲೈನ್‌ಮೆಂಟನ್ನು ಎಷ್ಟು ಸಲ ಮಾಡಿಸಿದರೂ ಈ ರೋಗ ಗುಣವಾಗದು. ಅದರ ಬೇರು ಹಿಂದೆ ಇದೆ.

ಪರಿಹಾರವೂ ಲೆಕ್ಕದಿಂದಲೇ ಹೊರಡುತ್ತದೆ. ಎಡ ಚಕ್ರದ ಟೋ-ಇನ್ನನ್ನು 4ರಿಂದ 1 ಮಿ.ಮೀ.ಗೆ ಇಳಿಸಬೇಕು, ಬಲ ಚಕ್ರವನ್ನು 2 ಮಿ.ಮೀ. ಟೋ-ಔಟಿನಿಂದ 1 ಮಿ.ಮೀ. ಟೋ-ಇನ್‌ಗೆ ತರಬೇಕು. ಎರಡು ಕಡೆಯೂ ಬದಲಾವಣೆ ಮೂರು ಮೂರು ಮಿ.ಮೀ. ಮಾತ್ರ. ಒಟ್ಟು ಟೋ ಮೊದಲಿನಂತೆ 2 ಮಿ.ಮೀ. ಆಗಿಯೇ ಉಳಿದು, ಥ್ರಸ್ಟ್ ಕೋನವು ಸೊನ್ನೆಯಾಗುತ್ತದೆ.

ಸರಿಪಡಿಸುವ ಕ್ರಮ

ಈ ಕೆಲಸದಲ್ಲಿ ಕ್ರಮವೇ ಮುಖ್ಯ. ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ. ಅದಕ್ಕೂ ಮೊದಲು ಒಂದು ಎಚ್ಚರಿಕೆ: ಬರಿಯ ಜಾಕಿನ ಮೇಲೆ ನಿಂತಿರುವ ಕಾರಿನ ಅಡಿಗೆ ಯಾರೂ ಹೋಗಕೂಡದು. ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ತಡೆ ಇಟ್ಟ ಮೇಲೆಯೇ ಕೈ ಹಾಕಬೇಕು.

ಒಂದು: ತೋಳುಗಳ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳನ್ನೂ ಚಕ್ರದ ಬೇರಿಂಗುಗಳನ್ನೂ ಪರೀಕ್ಷಿಸಬೇಕು. ಬುಷ್ ಹರಿದಿದ್ದರೆ ನಿಂತಾಗ ಒಂದು ಕೋನ, ಬ್ರೇಕು ಹಾಕಿದಾಗ ಇನ್ನೊಂದು ಕೋನ. ಅಂತಹ ಕಾರನ್ನು ಅಳೆಯುವುದು ನೀರಿನ ಮೇಲೆ ಬರೆದಂತೆ.

ಎರಡು: ಎಡಬಲಗಳಲ್ಲಿ ಕಾರಿನ ಎತ್ತರ ಸಮನಾಗಿದೆಯೇ ಎಂದು ನೋಡಬೇಕು. ಕಾರನ್ನು ತಗ್ಗಿಸುವಾಗ ಬಹಳ ಮಂದಿ ಮರೆಯುವ ಸಂಗತಿಯೊಂದುಂಟು. ರಬ್ಬರ್ ಬುಷ್‌ನ ಬೋಲ್ಟನ್ನು ಯಾವ ಎತ್ತರದಲ್ಲಿ ಬಿಗಿದಿರುತ್ತಾರೆಯೋ ಆ ಎತ್ತರದಲ್ಲಿ ಮಾತ್ರ ರಬ್ಬರು ತಿರುಚದೆ ವಿರಾಮದಲ್ಲಿರುತ್ತದೆ. ಹಳೆಯ ಎತ್ತರದಲ್ಲಿ ಬಿಗಿದ ಬೋಲ್ಟುಗಳನ್ನು ಹಾಗೆಯೇ ಬಿಟ್ಟು ಕಾರನ್ನು ಇಳಿಸಿದರೆ ರಬ್ಬರು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆದುದರಿಂದ ಕಾರು ತನ್ನ ಚಕ್ರಗಳ ಮೇಲೆ, ಹೊಸ ಎತ್ತರದಲ್ಲಿ ನಿಂತಿರುವಾಗ ಆ ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಬಿಗಿಯಬೇಕು.

ಮೂರು: ಕ್ಯಾಂಬರನ್ನು ಸರಿಪಡಿಸಬೇಕು. ಹಲವು ಕಾರುಗಳಲ್ಲಿ ಕೆಳತೋಳಿನ ಒಳತುದಿಯಲ್ಲಿ ನಡು ತಪ್ಪಿದ ಬಿಲ್ಲೆಯುಳ್ಳ ಬೋಲ್ಟ್ ಇರುತ್ತದೆ. ಅದನ್ನು ತಿರುಗಿಸಿದರೆ ತೋಳಿನ ತುದಿ ಒಳಕ್ಕೋ ಹೊರಕ್ಕೋ ಸರಿಯುತ್ತದೆ. ಅದರ ವ್ಯಾಪ್ತಿ ಚಿಕ್ಕದು. ಅದು ಸಾಲದಿದ್ದರೆ ಉದ್ದವನ್ನು ಹೊಂದಿಸಬಹುದಾದ ತೋಳುಗಳನ್ನು ಹಾಕುವುದುಂಟು. ಅದಕ್ಕಿಂತ ಸರಳವೂ ಪ್ರಾಮಾಣಿಕವೂ ಆದ ಪರಿಹಾರವೆಂದರೆ ಕಾರನ್ನು ಎರಡು ಸೆಂ.ಮೀ. ಮೇಲೆತ್ತುವುದು! ಟಾರ್ಷನ್ ಬೀಮ್ ಇರುವ ಕಾರಿನಲ್ಲಿ ತೊಲೆಗೂ ಚಕ್ರದ ಗುಂಬವನ್ನು ಹೊರುವ ಬಿಡಿಭಾಗಕ್ಕೂ ನಡುವೆ ಓರೆಯಾದ ತೆಳು ಬಿಲ್ಲೆಗಳನ್ನು ಇಟ್ಟು ತಿದ್ದಬಹುದು. ತೊಲೆ ಬಾಗಿದ್ದರೆ ಬದಲಾಯಿಸುವುದೇ ಕ್ಷೇಮ, ಕಾಯಿಸಿ ನೆಟ್ಟಗೆ ಮಾಡುವುದು ಸಲ್ಲದು.

ನಾಲ್ಕು: ಕ್ಯಾಂಬರ್ ಬದಲಾದಾಗ ಟೋ ಕೂಡ ಬದಲಾಗುತ್ತದೆ. ಆದುದರಿಂದ ಟೋವನ್ನು ಕ್ಯಾಂಬರಿನ ಅನಂತರವೇ, ಒಂದೊಂದು ಚಕ್ರಕ್ಕೂ ಪ್ರತ್ಯೇಕವಾಗಿ ಹೊಂದಿಸಬೇಕು. ಹೊಂದಿಸಿದ ಮೇಲೆ ಕಾರನ್ನು ತಳ್ಳಿ, ಮತ್ತೆ ಅಳೆದು, ಬೋಲ್ಟುಗಳನ್ನು ಬಿಗಿದ ಬಳಿಕ ಮೂರನೆಯ ಬಾರಿ ಅಳೆಯಬೇಕು. ಬಿಗಿಯುವಾಗಲೂ ಕೋನ ಸರಿಯುವುದುಂಟು.

ಐದು: ಇಷ್ಟಾದ ಮೇಲೆ ಮಾತ್ರ ಮುಂಚಕ್ರಗಳನ್ನು ಹೊಂದಿಸಬೇಕು. ಹಿಂಚಕ್ರಗಳು ದಾರಿಯನ್ನು ನಿರ್ಣಯಿಸುತ್ತವೆ, ಮುಂಚಕ್ರಗಳು ಅದನ್ನು ಅನುಸರಿಸುತ್ತವೆ.

ಎಷ್ಟು ಡಿಗ್ರಿ ಇರಬೇಕು ಎಂಬುದಕ್ಕೆ ಎಲ್ಲ ಕಾರುಗಳಿಗೂ ಒಪ್ಪುವ ಒಂದೇ ಉತ್ತರವಿಲ್ಲ. ತಿರುವಿನಲ್ಲಿ ಒಡಲು ಹೊರಕ್ಕೆ ವಾಲಿದಾಗ ಹೊರಬದಿಯ ಚಕ್ರವೂ ಹೊರಕ್ಕೆ ವಾಲುವುದರಿಂದ, ಮೊದಲೇ ಸ್ವಲ್ಪ ಋಣ ಕ್ಯಾಂಬರ್ ಇಟ್ಟರೆ ಆ ಗಳಿಗೆಯಲ್ಲಿ ಟೈರು ನೆಲಕ್ಕೆ ಪೂರ್ತಿಯಾಗಿ ತಾಗುತ್ತದೆ. ಪಂದ್ಯದ ಕಾರು ತಿರುವುಗಳಿಗಾಗಿಯೇ ಬದುಕುತ್ತದೆ. ಆದರೆ ಬಳ್ಳಾರಿಯಿಂದ ಚಳ್ಳಕೆರೆಯ ಕಡೆಗೆ ಬಯಲಿನಲ್ಲಿ ಓಡುವ ಕಾರಿಗೆ ನೇರದಾರಿಯೇ ಹೆಚ್ಚು. ತಯಾರಕರ ಕೈಪಿಡಿಯ ಸಂಖ್ಯೆಗಳೇ ಅದಕ್ಕೆ ತಕ್ಕವು.

ರಸ್ತೆಯ ಉಬ್ಬು, ಕಾನೂನಿನ ಗೆರೆ

ತಗ್ಗಿದ ಕಾರಿಗೆ ಊರಿನ ಪ್ರವೇಶದಲ್ಲಿಯೇ ಮತ್ತೊಂದು ಪರೀಕ್ಷೆ ಕಾದಿರುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನಕದ ಪ್ರಕಾರ ರಸ್ತೆಯುಬ್ಬು 17 ಮೀಟರ್ ತ್ರಿಜ್ಯದ ಕಮಾನು, ಅಗಲ 3.7 ಮೀಟರು, ನಡುವಿನ ಎತ್ತರ 10 ಸೆಂ.ಮೀ. ಹಿಂದು ಮುಂದಿನ ಚಕ್ರಗಳ ಅಂತರ 2.4 ಮೀಟರು ಇರುವ ಕಾರು ಉಬ್ಬಿನ ನಟ್ಟನಡುವೆ ಇದ್ದಾಗ, ಕಮಾನಿನ ನೆತ್ತಿಯು ಚಕ್ರಗಳ ತಳಕ್ಕಿಂತ 1.2 × 1.2 ÷ 34 ಮೀಟರು, ಎಂದರೆ 4.2 ಸೆಂ.ಮೀ. ಮೇಲಿರುತ್ತದೆ. ಈ ಅಂತರ 3 ಮೀಟರು ಇದ್ದರೆ 6.6 ಸೆಂ.ಮೀ. ಮಾನಕಕ್ಕೆ ಒಪ್ಪದ ಕಡಿದಾದ ಉಬ್ಬುಗಳಲ್ಲಿ ಇನ್ನೂ ಹೆಚ್ಚು. ಸ್ಪ್ರಿಂಗು ಕುಗ್ಗಲು ಉಳಿದಿರುವ ಜಾಗವೂ ತಗ್ಗಿದ ಕಾರಿನಲ್ಲಿ ಕಡಿಮೆ. ಅದು ಮುಗಿದು ಲೋಹಕ್ಕೆ ಲೋಹ ತಾಗಿದಾಗ ತೋಳುಗಳು ಬಾಗುತ್ತವೆ. ಹೊಂದಿಸಿದ ಕೋನಗಳೆಲ್ಲ ಮತ್ತೆ ಕೆಡುತ್ತವೆ.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದೇಶಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರಕರಣದ ಅರ್ಥವನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಪಂದ್ಯದ ಬಯಲಿನಲ್ಲಿ ಓಡುವ ಕಾರಿನ ಮಾತು ಬೇರೆ. ಸಾರ್ವಜನಿಕ ರಸ್ತೆಯಲ್ಲಿ ಓಡುವ ಕಾರಿಗೆ ಕೈಹಚ್ಚುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಡೆಯನ ಕರ್ತವ್ಯ.

ಮೇಲಿನ ಲೆಕ್ಕಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡೋಣ. 4 ಸೆಂ.ಮೀ. ತಗ್ಗಿಸಿದ್ದರಿಂದ ತಿರುವಿನ ಭಾರ ವರ್ಗಾವಣೆಯಲ್ಲಿ ದೊರೆತ ಲಾಭ ಶೇಕಡಾ 8. ಕೋನಗಳನ್ನು ತಿದ್ದದೆ ಬಿಟ್ಟರೆ ತೆರಬೇಕಾದ ಬೆಲೆ ಸವೆದ ಟೈರು, ಓರೆಯಾದ ನಡಿಗೆ, ಮಳೆಯಲ್ಲಿ ಹಿಡಿತ ತಪ್ಪುವ ಬಾಲ. ತಗ್ಗಿಸುವುದು ಅರ್ಧ ಕೆಲಸ; ತಿದ್ದುವುದು ಉಳಿದರ್ಧ. ಉಳಿದರ್ಧವನ್ನು ಮಾಡಲಾಗದವರು ಮೊದಲರ್ಧಕ್ಕೂ ಕೈಹಾಕದಿರುವುದೇ ಮೇಲು.

ಮುಂದಿನ ಬಾರಿ ನಿಮ್ಮ ಮನೆಯ ಮುಂದೆ ಯಾವುದಾದರೂ ಕಾರು ನಿಂತಿದ್ದರೆ, ಒಡೆಯರ ಅನುಮತಿ ಪಡೆದು, ಒಂದು ದಾರ, ಒಂದು ತೂಗುಗುಂಡು, ಒಂದು ಅಳತೆಪಟ್ಟಿ ಇಷ್ಟನ್ನು ಹಿಡಿದು ಅದರ ಹಿಂಚಕ್ರಗಳನ್ನು ಅಳೆದು ನೋಡಿರಿ. ಬಳಿಕ ಬಗ್ಗಿ ಟೈರಿನ ಒಳಅಂಚನ್ನೂ ನೋಡಿರಿ. ನಿಮ್ಮ ಲೆಕ್ಕ ಹೇಳಿದ್ದನ್ನೇ ಟೈರೂ ಹೇಳುತ್ತಿದ್ದರೆ, ನೀವು ಓದಿದ ತ್ರಿಕೋನಮಿತಿ ಒಬ್ಬರ ಪ್ರಾಣವನ್ನು ಉಳಿಸಿದಂತಾಗಬಹುದು.